ಟೆಕ್ಸಸ್ ಎ ಅಂಡ್ ಎಂಗೆ ಎಂಎಸ್ ಮಾಡೋಕೆ ಹೊರಟಿದೀರಾ? ಫುಟ್‌ಬಾಲ್ ಗಂಧಗಾಳಿ ಇಲ್ದಿದ್ರೂ ಆ್ಯಗಿ ಆಗೋದು ಹಿಂಗೆ

ಟೆಕ್ಸಸ್ ಎ ಅಂಡ್ ಎಂ ಯೂನಿವರ್ಸಿಟೀಲಿ ಓದೋರಿಗೂ ಓದಿ ಮುಗಿಸಿದೋರಿಗೂ ಆ್ಯಗಿ ಅಂತ ಹೆಸರು. ಆಗಸ್ಟಲ್ಲಿ ಅದಿರೋ ಊರಾದ ಕಾಲೇಜ್ ಸ್ಟೇಷನ್‌ಗೆ ಬಂದಿಳಿಯೋ ನಮ್ಮ ಹುಡುಗ ಹುಡುಗೀರು ಲ್ಯಾಬು, ಅಪಾರ್ಟ್‌ಮೆಂಟು, ಇಂಡಿಯನ್ ಸ್ಟೋರು ಇಷ್ಟರಲ್ಲೇ ಎರಡು ವರ್ಷ ಮುಗಿಸಿಬಿಡ್ತಾರೆ. ನಾನೂ ಮೊದಲ್ನೇ ಸೆಮಿಸ್ಟರ್ ಹಂಗೇ ಇದ್ದೆ, ಅಮೆರಿಕನ್ ಫುಟ್‌ಬಾಲ್ ಮ್ಯಾಚ್ ದಿನ ಊರಿಗೆ ಊರೇ ಮರೂನ್ ಅಂಗಿ ಹಾಕ್ಕೊಂಡು ರಸ್ತೆ ತುಂಬಿದ್ರೆ ಇವ್ರಿಗೇನು ಹುಚ್ಚಾ ಅಂತ ಬೈಕೊಂಡು ರೂಮಲ್ಲಿ ಮ್ಯಾಗಿ ತಿಂತಿದ್ದೆ. ನೀವು ಹಂಗ್ ಮಾಡ್ಬೇಡಿ.

ಮೊದ್ಲು ಒಂದು ಸ್ಪೋರ್ಟ್ಸ್ ಪಾಸ್ ತಗೊಳಿ. ಪ್ರತಿ ಹೋಮ್ ಮ್ಯಾಚಿಗೂ ಆ ವಾರ ಟಿಕೆಟ್ ಎತ್ಕೋಬೇಕು, ಅದಕ್ಕೆ ಅಲ್ಲಿ 'ಪುಲ್' ಅಂತಾರೆ, ಸೀನಿಯರ್‌ಗಳ ಜೊತೆ ಗ್ರಾಡ್ ಸ್ಟೂಡೆಂಟ್ಸ್‌ಗೂ ಮೊದಲ ಸರದಿ, ಆದ್ರಿಂದ ಸೋಮಾರಿತನ ಮಾಡ್ದಿದ್ರೆ ಒಳ್ಳೇ ಜಾಗ ಸಿಗತ್ತೆ. ಬ್ಯಾಗ್ ಒಳಗಿರೋದು ಹೊರಗೆ ಕಾಣೋ ಥರ ಟ್ರಾನ್ಸ್‌ಪರೆಂಟ್ ಇರ್ಬೇಕು, ಇಲ್ದಿದ್ರೆ ಗೇಟಿಂದ್ಲೇ ವಾಪಸ್. ಇನ್ನು ಚಪ್ಪಲಿ ಬೇಡ, ಒಳ್ಳೇ ಶೂ ಹಾಕ್ಕೊಳಿ, ಯಾಕಂದ್ರೆ ಇಡೀ ಮ್ಯಾಚ್ ನಿಂತ್ಕೊಂಡೇ ನೋಡ್ಬೇಕು, ಮೂರೂವರೆ ಗಂಟೆ, ಟೆಕ್ಸಸ್ ಬಿಸಿಲಲ್ಲಿ.

ಯಾಕೆ ನಿಲ್ಬೇಕು ಅಂತ ಗೊತ್ತಿದ್ರೆ ಕಾಲುನೋವು ಸ್ವಲ್ಪ ಕಮ್ಮಿ ಆಗತ್ತೆ. 1922ರ ಜನವರಿ 2, ಡಲ್ಲಸ್‌ನಲ್ಲಿ ಸೆಂಟರ್ ಕಾಲೇಜ್ ಮೇಲೆ ಮ್ಯಾಚು. ಎ ಅಂಡ್ ಎಂ ಹುಡುಗ್ರು ಒಬ್ಬರ ಹಿಂದೊಬ್ರು ಗಾಯ ಮಾಡ್ಕೊಂಡು ಹೊರಗೆ ಬರ್ತಿದ್ರು. ಕಿಂಗ್ ಗಿಲ್ ಅಂತೊಬ್ಬ ಫುಟ್‌ಬಾಲ್ ಬಿಟ್ಟು ಬ್ಯಾಸ್ಕೆಟ್‌ಬಾಲ್ ಕಡೆ ಹೋಗಿದ್ದೋನು ಪ್ರೆಸ್ ಬಾಕ್ಸಲ್ಲಿ ಕೂತಿದ್ದ, ಕೋಚ್ ಅವನನ್ನ ಕೆಳಗೆ ಕರೆಸಿದ್ರು, ಗಾಯ ಆದವನ ಡ್ರೆಸ್ ಹಾಕ್ಕೊಂಡು ಮ್ಯಾಚ್ ಮುಗಿಯೋ ತನಕ ರೆಡಿಯಾಗಿ ನಿಂತಿದ್ದ. 22-14ರಲ್ಲಿ ಗೆದ್ರು. ಗಿಲ್ ಒಂದು ನಿಮಿಷಾನೂ ಆಡ್ಲಿಲ್ಲ! ಆದ್ರೂ ಇವತ್ತು ಕೈಲ್ ಫೀಲ್ಡ್ ಹತ್ರ ಅವನ ಪ್ರತಿಮೆ ಇದೆ, ಇಡೀ ಸ್ಟೂಡೆಂಟ್ ಗುಂಪಿಗೆ '12ನೇ ಆಟಗಾರ' ಅಂತ ಹೆಸರು, ಅವನ ಥರ ನಾವೂ ರೆಡಿ ಅಂತ ತೋರ್ಸೋಕೇ ಎಲ್ರೂ ನಿಲ್ಲೋದು. ಲಕ್ಷಕ್ಕಿಂತ ಜಾಸ್ತಿ ಜನ ಹಿಡಿಸೋ ಸ್ಟೇಡಿಯಂ ಅದು, ನಮ್ಮ ಚಿನ್ನಸ್ವಾಮಿಯಂಥವು ಎರಡು ಸೇರಿಸಿದ್ರೂ ಸಾಲ್ದು.

ರೂಲ್ಸ್ ಅರ್ಥ ಆಗ್ಲಿಲ್ವಾ, ಬಿಡಿ, ಪಕ್ಕದವರು ಮಾಡಿದ್ದು ಮಾಡಿ. ಹೆಗಲ ಮೇಲೆ ಕೈ ಹಾಕಿ ಅಕ್ಕಪಕ್ಕಕ್ಕೆ ತೂಗಾಡೋಕೆ ಶುರು ಮಾಡಿದ್ರೆ ನೀವೂ ತೂಗಾಡಿ, ಕಾಲ್ಕೆಳಗಿನ ಕಾಂಕ್ರೀಟೂ ತೂಗಾಡ್ತಿದೆ ಅನ್ಸತ್ತೆ, ನಾನು ಮೊದಲ್ನೇ ಸಲ ನಿಜವಾಗ್ಲೂ ಕಂಬಿ ಹಿಡ್ಕೊಂಡೆ.

ಹೋಮ್ ಮ್ಯಾಚಿನ ಹಿಂದಿನ ರಾತ್ರಿ 12ಕ್ಕೆ ಅದೇ ಸ್ಟೇಡಿಯಂನಲ್ಲಿ ಮಿಡ್‌ನೈಟ್ ಯೆಲ್ ಅಂತ, ಎಲ್ರೂ ಸೇರಿ ಘೋಷಣೆ ಕೂಗೋ ಪ್ರಾಕ್ಟೀಸ್ ನಡೆಯತ್ತೆ, ಅದಕ್ಕೂ ಹೋಗಿ. ಇಲ್ಲಿ ಚಿಯರ್‌ಲೀಡರ್ಸ್ ಇಲ್ಲ, ಸ್ಟೂಡೆಂಟ್ಸೇ ಓಟ್ ಹಾಕಿ ಆರಿಸೋ ಐದು ಜನ ಯೆಲ್ ಲೀಡರ್ಸು, ಅವರು ಕೈಸನ್ನೆ ಮಾಡ್ತಾರೆ, ಅದೇ ಸನ್ನೆ ಸಾಲಿಂದ ಸಾಲಿಗೆ ಹಿಂದಕ್ಕೆ ಹೋಗತ್ತೆ, ಆಮೇಲೆ ಎಲ್ರೂ ಒಟ್ಟಿಗೆ ಕೂಗೋದು. ಕೊನೇಲಿ ಲೈಟ್ ಆರಿಸ್ತಾರೆ, ಜೋಡಿಗಳು ಮುತ್ತು ಕೊಡ್ಲಿ ಅಂತ. ಅಪ್ಪ ಅಮ್ಮ ಊರಿಂದ ಬಂದಿದ್ರೆ ಅಷ್ಟರೊಳಗೆ ಈಚೆ ಕರ್ಕೊಂಡ್ ಬಂದ್ಬಿಡಿ.

ಸೋತ್ರೆ? ಇಲ್ಲಿ ಸೋಲು ಅನ್ನಲ್ಲ, ಟೈಮ್ ಸಾಲ್ಲಿಲ್ಲ ಅಂತಾರೆ. ಫುಟ್‌ಬಾಲಲ್ಲಿ ಕೊನೇ ಸಲ ನ್ಯಾಷನಲ್ ಚಾಂಪಿಯನ್ ಆಗಿದ್ದು 1939ರಲ್ಲಿ. 2025ರ ತನಕ 'ಈ ಸಲ ಕಪ್ ನಮ್ದೇ' ಅಂತ ಕಾದ ಆರ್‌ಸಿಬಿ ಮಂದಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ.

ಮ್ಯಾಚಿಲ್ಲದ ಒಂದಿನ ಸಂಜೆ ಬಾನ್‌ಫೈರ್ ಮೆಮೋರಿಯಲ್‌ಗೆ ನಡ್ಕೊಂಡು ಹೋಗಿ. ಟೆಕ್ಸಸ್ ಯೂನಿವರ್ಸಿಟಿ ಮೇಲಿನ ಮ್ಯಾಚಿಗೆ ಮುಂಚೆ ಸ್ಟೂಡೆಂಟ್ಸೇ ಮರದ ದಿಮ್ಮಿ ಪೇರಿಸಿ ದೊಡ್ಡ ಬೆಂಕಿ ಹಚ್ಚೋ ಪದ್ಧತಿ ಇತ್ತು, 1999ರ ನವೆಂಬರ್ 18ರ ಬೆಳಗಿನ ಜಾವ ಆ ರಾಶಿ ಕುಸಿದು 12 ಜನ ಹೋದ್ರು, 27 ಜನಕ್ಕೆ ಗಾಯ. ಅಲ್ಲಿ ವೃತ್ತಾಕಾರವಾಗಿ 12 ಬಾಗಿಲು ನಿಲ್ಸಿದಾರೆ, ಒಂದೊಂದೂ ಆ ಹುಡುಗ್ರ ಸ್ವಂತ ಊರಿನ ದಿಕ್ಕಿಗೆ ಮುಖ ಮಾಡಿದೆ. ಜೋರಾಗಿ ಮಾತಾಡ್ಬೇಡಿ.

ಆ್ಯಗಿಗಳ ಗುರುತು ಅಂದ್ರೆ ಬೆರಳಿಗೆ ಹಾಕೋ ಆ್ಯಗಿ ಉಂಗುರ, ಚಿನ್ನದ್ದು, ದುಬಾರಿ, ಆದ್ರೂ ಸಾಧ್ಯವಾದ್ರೆ ತಗೊಳಿ. ಡಿಗ್ರಿ ಹುಡುಗ್ರಿಗೆ 90 ಕ್ರೆಡಿಟ್ ಆಗಿರ್ಬೇಕು, ಎಂಎಸ್‌ನವರ ನಿಯಮ ಬೇರೆ, ವಿಚಾರಿಸ್ಕೊಳಿ. ಓದೋ ತನಕ ಅದರ ಮೇಲಿರೋ ಇಸವಿ ನಿಮ್ಮ ಕಡೆ ಮುಖ ಮಾಡಿರತ್ತೆ, ಪಾಸಾದ ಮೇಲೆ ಹೊರಗಡೆ ತಿರುಗಿಸ್ಕೊಳೋದು. ನಾನು ಹ್ಯೂಸ್ಟನ್ನಲ್ಲಿ ಇಂಟರ್‌ವ್ಯೂಗೆ ಹೋದಾಗ ಎದುರಿಗಿದ್ದ ನರೆಗೂದಲ ಮಹಾಶಯ ರೆಸ್ಯೂಮೆ ಬಿಟ್ಟು ಬೆರಳು ನೋಡಿ "ಹೌಡಿ" (ಆ್ಯಗಿಗಳ ನಮಸ್ಕಾರ ಅದು) ಅಂದ್ರು, ಮೊದಲ ಹತ್ತು ನಿಮಿಷ ಬರೀ ಮ್ಯಾಚ್ ಮಾತೇ. ಒಂದು ಎಚ್ಚರಿಕೆ, ಅಂಥವರನ್ನ 'ಅಲ್ಯುಮ್ನೈ' ಅನ್ಬೇಡಿ, 'ಫಾರ್ಮರ್ ಸ್ಟೂಡೆಂಟ್' ಅನ್ನಿ, ಎಕ್ಸ್ ಆ್ಯಗಿ ಅಂತೂ ಸುತರಾಂ ಬೇಡ.

ಏಪ್ರಿಲ್ 21ರ ಮಸ್ಟರ್ ತಪ್ಪಿಸ್ಕೋಬೇಡಿ. ಆ ವರ್ಷ ತೀರಿಕೊಂಡ ಆ್ಯಗಿಗಳ ಹೆಸರು ಒಂದೊಂದಾಗಿ ಕೂಗ್ತಾರೆ, ಮನೆಯವರೋ ಸ್ನೇಹಿತರೋ ಅವರ ಪರವಾಗಿ "ಹಿಯರ್" ಅಂತಾರೆ, ಒಂದು ಕ್ಯಾಂಡಲ್ ಹತ್ತತ್ತೆ. ನಮ್ಮ ಸ್ಕೂಲಲ್ಲಿ ಪಕ್ಕದವನಿಗೋಸ್ಕರ ಪ್ರಾಕ್ಸಿ ಹಾಜರಿ ಹೇಳ್ತಿದ್ವಲ್ಲ, ಹಂಗೇ. ಕ್ಯಾಂಪಸ್ ಬಿಟ್ಟ ಮೇಲೂ ಬೇರೆ ಬೇರೆ ಊರು ದೇಶಗಳಲ್ಲಿ ನಡೆಯತ್ತೆ, ಹತ್ರ ಎಲ್ಲಿದೆ ನೋಡ್ಕೊಂಡು ಹೋಗಿ, ಸ್ವಲ್ಪ ಬೇಗ ಹೋಗಿ, ಫೋನ್ ಸೈಲೆಂಟಲ್ಲಿಡಿ.