ರಂಗಸೂಚನೆ ಕಲಿಸಬೇಕಾ? ಓದಿಸಬೇಡಿ, ಆಡಿಸಿ

ನಾಟಕದ ಪಾಠದಲ್ಲಿ ಕಂಸದೊಳಗಿನ ಸಾಲುಗಳನ್ನು ಮಕ್ಕಳು ಹಾರಿಸಿಬಿಡುತ್ತಾರೆ. ತಪ್ಪು ಅವರದ್ದಲ್ಲ. ರಂಗಸೂಚನೆ ಇರುವುದು ಆಡುವವರಿಗೆ. ಬೆಂಚಿನ ಮೇಲೆ ಕೂತವರಿಗೆ ಅದು ಸುಮ್ನೆ ಅಡ್ಡ ಬರುವ ಸಾಲು. ಹಾಗಾಗಿ ಮೊದಲು ಬೆಂಚುಗಳನ್ನು ಗೋಡೆಗೆ ಸರಿಸಿ.

ಇಡೀ ನಾಟಕ ಬೇಡ, ಒಂದು ದೃಶ್ಯ ಸಾಕು. ಶೇಕ್ಸ್‌ಪಿಯರ್‌ನ 'ಮ್ಯಾಕ್‌ಬೆತ್' ನಾಟಕದ ಮೂರನೇ ಅಂಕದ ಔತಣದ ದೃಶ್ಯ ಇದಕ್ಕೆ ಹೇಳಿ ಮಾಡಿಸಿದ್ದು. ('ದಿ ವಿಂಟರ್ಸ್ ಟೇಲ್'ನಲ್ಲಿ ಕರಡಿ ಅಟ್ಟಿಸಿಕೊಂಡು ಬರುವ ಪ್ರಸಿದ್ಧ ಸೂಚನೆಯಿಂದ ಶುರು ಮಾಡಬೇಡಿ. ಪೀರಿಯಡ್ ಪೂರ್ತಿ ಕರಡಿಗೇ ಹೋಗುತ್ತದೆ.)

ಮೊದಲ ಸಲ ಸೂಚನೆಗಳನ್ನೆಲ್ಲ ತೆಗೆದು ಬರೀ ಮಾತುಗಳ ಹಾಳೆ ಕೊಡಿ. ಮೇಜು ತುಂಬಿದೆ ಎನ್ನುತ್ತಾನೆ ರಾಜ ಮ್ಯಾಕ್‌ಬೆತ್. ಇಲ್ಲೇ ಜಾಗ ಇದೆಯಲ್ಲ ಎನ್ನುತ್ತಾನೆ ಅತಿಥಿ ಲೆನಾಕ್ಸ್. ಖಾಲಿ ಕುರ್ಚಿ ಕಣ್ಣೆದುರೇ ಇದೆ. ಆಡುವವರು ತಬ್ಬಿಬ್ಬಾಗುತ್ತಾರೆ. ಆಗಲಿ ಬಿಡಿ. ಆಮೇಲೆ ಸೂಚನೆ ಕೊಡಿ: ಬ್ಯಾಂಕೋನ ಭೂತ ಬಂದು ಮ್ಯಾಕ್‌ಬೆತ್‌ನ ಜಾಗದಲ್ಲಿ ಕೂರುತ್ತದೆ. ಬ್ಯಾಂಕೋ ಎಂದರೆ ಮ್ಯಾಕ್‌ಬೆತ್ ಆಗಷ್ಟೇ ಕೊಲ್ಲಿಸಿದ ಗೆಳೆಯ.

ಈಗ ಅಸಲಿ ಕೆಲಸ. ಭೂತ ಯಾವಾಗ ಬರಬೇಕು? 1623ರ ಮೊದಲ ಮುದ್ರಣದಲ್ಲಿ ಮ್ಯಾಕ್‌ಬೆತ್ ಅದನ್ನು ನೋಡುವುದಕ್ಕೆ ಎಷ್ಟೋ ಸಾಲು ಮೊದಲೇ ಬಂದಿರುತ್ತದೆ. ನಂತರದ ಕೆಲವು ಸಂಪಾದಕರು ಸೂಚನೆಯನ್ನು ಕೆಳಕ್ಕೆ ಸರಿಸಿದ್ದಾರೆ. ಎರಡನ್ನೂ ಆಡಿಸಿ. ಮೊದಲೇ ಬಂದು ಕೂತರೆ ನೋಡುವವರಿಗೆ ಗೊತ್ತು, ರಾಜನಿಗೆ ಗೊತ್ತಿಲ್ಲ. ಅವನು ಅತ್ತ ತಿರುಗುವ ತನಕ ಜೀವ ಕೈಯಲ್ಲಿ ಹಿಡಿದು ಕಾಯುತ್ತೇವೆ. ತಡವಾಗಿ ಬಂದರೆ ಅವನ ಜೊತೆಗೇ ನಾವೂ ಬೆಚ್ಚುತ್ತೇವೆ. ಮೂರನೇ ಸಲ ಭೂತವೇ ಬೇಡ, ಕುರ್ಚಿ ಖಾಲಿ ಇರಲಿ. ಆಗ ಎಲ್ಲರ ಕಣ್ಣೂ ಮ್ಯಾಕ್‌ಬೆತ್‌ನ ಮುಖದ ಮೇಲೆ. ಅತಿಥಿಗಳಾದವರಿಗೆ ಮಾತ್ರ ಪ್ರತಿ ಸಲವೂ ಒಂದೇ ತಾಕೀತು: ಭೂತ ನಿಮಗೆ ಕಾಣುವುದಿಲ್ಲ. ಇದು ಅಂದುಕೊಂಡಷ್ಟು ಸುಲಭವಲ್ಲ, ಕಣ್ಣು ಅತ್ತಲೇ ಹೋಗುತ್ತದೆ.

ಮುಂದೆ ಪೆನ್ಸಿಲ್ ಕೊಡಿ. ಮಾತಿನೊಳಗೇ ಅಡಗಿದ ಸೂಚನೆಗಳಿಗೆ ಗೆರೆ ಎಳೆಯಲಿ. ನೆತ್ತರು ಮೆತ್ತಿದ ಕೂದಲನ್ನು ನನ್ನತ್ತ ಕೊಡವಬೇಡ ಎಂದು ಮ್ಯಾಕ್‌ಬೆತ್ ಹೇಳಬೇಕಾದರೆ ಭೂತ ತಲೆ ಕೊಡವಿರಲೇಬೇಕು, ಅಲ್ವಾ? ಕಂಸದಲ್ಲಿ ಅದಿಲ್ಲ. ಶೇಕ್ಸ್‌ಪಿಯರ್‌ನಲ್ಲಿ ಇಂಥವೇ ಜಾಸ್ತಿ.

ಹೋಲಿಕೆಗೆ ಕಾಳಿದಾಸನ 'ಶಾಕುಂತಲ' ಇದೆ. ಮೊದಲ ಅಂಕದಲ್ಲಿ ರಥದ ವೇಗವನ್ನೂ ಗಿಡಕ್ಕೆ ನೀರೆರೆಯುವುದನ್ನೂ ಅಭಿನಯಿಸಿ ತೋರಿಸಬೇಕೆಂದೇ ಸೂಚನೆ. ರಥವೂ ಬೇಡ, ಕೊಡವೂ ಬೇಡ. ಒಬ್ಬಳು ನೀರೆರೆಯಲಿ. ಕೊಡದ ಭಾರ ಅವಳ ಸೊಂಟದಲ್ಲಿ ಕಾಣುತ್ತಿದೆಯೇ ಎಂದು ಉಳಿದವರು ಹೇಳಲಿ.

ಕೊನೆಗೆ ಬರೆಸಿ. ಒಂದು ತಂಡ ಸೂಚನೆ ಬರೆದರೆ ಇನ್ನೊಂದು ತಂಡ ಆಡಬೇಕು. 'ದುಃಖದಿಂದ' ಎಂದಷ್ಟೇ ಬರೆದರೆ ಹಾಳೆ ವಾಪಸ್. 'ಲೋಟ ಎತ್ತುತ್ತಾನೆ, ಕುಡಿಯದೆ ಕೆಳಗಿಡುತ್ತಾನೆ' ಎಂದಿದ್ದರೆ ಪಾಸ್.