ಪುಷ್ಯ ಮಳೆಗೆ ಕರೆಂಟು ಹೋದರೆ: ಮಲೆನಾಡಿನ ಒಂಟಿಮನೆಯಲ್ಲಿ ನಾನು ಮಾಡುವ ಕ್ರಮ

ಆಗುಂಬೆ ಸುತ್ತಿನ ಒಂಟಿಮನೆಗಳಿಗೆ ಪುನರ್ವಸು, ಪುಷ್ಯ, ಆಶ್ಲೇಷಾ ಈ ಮೂರು ಮಳೆ ದಾಟುವುದೇ ದೊಡ್ಡದು. ಜುಲೈ ಮೊದಲ ವಾರದಿಂದ ಆಗಸ್ಟ್ ನಡುವಿನವರೆಗೆ ಯಾವ ಗಾಳಿಗೆ ಯಾವ ಮರ ತಂತಿ ಮೇಲೆ ಬೀಳುತ್ತದೋ ಹೇಳಲಾಗದು. ಕರೆಂಟು ಹೋಯಿತೆಂದರೆ ಪಂಪು ನಿಲ್ಲುತ್ತದೆ, ಟವರಿನ ಬ್ಯಾಟರಿ ಮುಗಿದು ಫೋನೂ ಸಾಯುತ್ತದೆ. ಮೇ ತಿಂಗಳ ನನ್ನ ತಯಾರಿಗೆಲ್ಲ ಒಂದೇ ಲೆಕ್ಕ: ಎಂಟು ದಿನ ಕರೆಂಟಿಲ್ಲ, ನಾಲ್ಕು ದಿನ ರಸ್ತೆಯಿಲ್ಲ.

ಮೊದಲು ನೀರು. ಗುಡ್ಡದ ಅಬ್ಬಿಯಿಂದ (ಝರಿಯಿಂದ) ಪೈಪಿನಲ್ಲಿ ತಾನಾಗಿ ಇಳಿದು ಬರುವ ನೀರಿದ್ದರೆ ಪಂಪಿನ ಹಂಗಿಲ್ಲ. ಆದರೆ ಜೋರು ಮಳೆಯಲ್ಲಿ ಕೈಕೊಡುವುದೂ ಅದೇ, ಪೈಪಿನ ಬಾಯಿಗೆ ದರಗು, ಅಂದರೆ ಉದುರಿದ ಎಲೆ, ಸಿಕ್ಕಿಕೊಂಡು. ಹಲವರು ಬಾಯಿಗೆ ಸೊಳ್ಳೆಪರದೆ ಸುತ್ತುತ್ತಾರೆ. ಅದರ ಕಣ್ಣು ತೀರಾ ಸಣ್ಣ, ಒಂದೇ ರಾತ್ರಿಯಲ್ಲಿ ಕೆಸರು ಮೆತ್ತಿಕೊಂಡು ಮುಚ್ಚಿಹೋಗುತ್ತದೆ. ನಾನು ಮಾಡುವುದು ಹೀಗೆ: ಎರಡು ಅಡಿ ಉದ್ದದ ಪಿವಿಸಿ ಪೈಪು ತೆಗೆದುಕೊಂಡು ಒಂದು ತುದಿಗೆ ಮುಚ್ಚಳ ಹಾಕಿ, ಮೈತುಂಬ 6 ಮಿ.ಮೀ. ತೂತು ಕೊರೆಯುವುದು. ಒಂದಿಂಚಿನ ಪೈಪಿನ ಬಾಯಿಗೆ ಸಮವಾಗಲು ಅಂಥ ಸುಮಾರು 18 ತೂತು ಸಾಕು. ನಾನು 40 ಕೊರೆಯುತ್ತೇನೆ, ಅರ್ಧ ಮುಚ್ಚಿದರೂ ನೀರು ಕಡಿಮೆಯಾಗದಿರಲಿ ಎಂದು. ಮುಚ್ಚಿದ ತುದಿ ಹರಿವಿಗೆ ಎದುರಾಗಿ, ಪೈಪು ತಳದಿಂದ ಒಂದು ಗೇಣು ಮೇಲಿರುವಂತೆ ಕಲ್ಲಿಗೆ ಕಟ್ಟಬೇಕು. ತಳಕ್ಕೆ ತಾಗಿದರೆ ಮರಳು ಬರುತ್ತದೆ.

ಬಾಯಿ ಸರಿಯಿದ್ದೂ ನೀರು ಬಾರದಿದ್ದರೆ ದಾರಿಯಲ್ಲಿ ಗಾಳಿ ಕೂತಿದೆ ಎಂದರ್ಥ. ಪೈಪು ದಿಬ್ಬ ಹತ್ತಿ ಇಳಿಯುವ ಜಾಗವೇ ಅದರ ತಾವು. ಅಲ್ಲೊಂದು ಟೀ (ಮೂರು ಬಾಯಿಯ ಪೈಪಿನ ಜೋಡಣೆ) ಹಾಕಿ ಸಣ್ಣ ವಾಲ್ವ್ ಕೂರಿಸಿದರೆ, ತಿರುಗಿಸಿದ ಕೂಡಲೇ ಬುಸ್ ಎಂದು ಗಾಳಿ ಹೋಗಿ ನೀರು ಹರಿಯುತ್ತದೆ. ಮಳೆಯಲ್ಲಿ, ಉಂಬಳದ (ಜಿಗಣೆಯ) ನಡುವೆ ಪೈಪು ಬಿಚ್ಚುವ ಕೆಲಸ ತಪ್ಪುತ್ತದೆ.

ಮನೆಯ ಸೂರಿನ ನೀರನ್ನೂ ಬಿಡುವುದಿಲ್ಲ. ಹತ್ತು ಚದರ ಮೀಟರ್ ಮಾಡಿನ ಮೇಲೆ 100 ಮಿ.ಮೀ. ಮಳೆ ಬಿದ್ದರೆ ಲೆಕ್ಕದಲ್ಲಿ ಸಾವಿರ ಲೀಟರ್. ಪಾತ್ರೆ, ಬಟ್ಟೆ, ಕೊಟ್ಟಿಗೆಗೆ ಅದೇ ಧಾರಾಳ. ಕುಡಿಯಲು ಮಾತ್ರ ಬಾವಿಯದ್ದೇ ಆಗಬೇಕು, ಅದೂ ಕುದಿಸಿ.

ಆಷಾಢ ಕಳೆಯುವ ಹೊತ್ತಿಗೆ ನಮ್ಮ ಕಡೆ ಬಾವಿ ತುಂಬಿ ಕಟ್ಟೆಯ ಹತ್ತಿರ ಬಂದಿರುತ್ತದೆ, ಅಂಗಳದ ನೀರೂ ಬಸಿದು ಸೇರುತ್ತದೆ. ಬ್ಲೀಚಿಂಗ್ ಪುಡಿ ಹಾಕಲು ಅಂದಾಜು ಸಾಲದು, ಅಳತೆ ಬೇಕು. ಬಾವಿಯ ಅಡ್ಡಳತೆಯನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಮತ್ತೆ 785ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ, ಅಳತೆ ಮೀಟರಿನಲ್ಲಿರಬೇಕು. ಎರಡು ಮೀಟರ್ ಅಗಲ, ಐದು ಮೀಟರ್ ನೀರಿದ್ದರೆ 15,700 ಲೀಟರ್. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಪುಡಿಯಂತೆ ಸುಮಾರು 40 ಗ್ರಾಂ. ಪುಡಿಯನ್ನು ನೇರವಾಗಿ ಸುರಿಯಬಾರದು. ಬಕೆಟಿನಲ್ಲಿ ಸ್ವಲ್ಪ ನೀರಿನಲ್ಲಿ ಕಲಸಿ, ಮುಕ್ಕಾಲು ತುಂಬಿಸಿ, ಹತ್ತು ನಿಮಿಷ ಬಿಟ್ಟರೆ ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನಷ್ಟೇ ಇನ್ನೊಂದು ಬಕೆಟಿಗೆ ಬಗ್ಗಿಸಿ, ಹಗ್ಗದಲ್ಲಿ ಬಾವಿಗಿಳಿಸಿ, ಮೇಲೆ ಕೆಳಗೆ ಆಡಿಸಿ ಬೆರೆಸಬೇಕು. ಒಂದು ಗಂಟೆಯಾದರೂ ನೀರು ಸೇದಬಾರದು. ನಾನು ರಾತ್ರಿ ಹಾಕಿ ಬೆಳಗ್ಗೆ ಸೇದುತ್ತೇನೆ. ಹಿಂದಿನ ವರ್ಷದ ಅರೆ ತೆರೆದ ಪೊಟ್ಟಣವನ್ನು ನಂಬಬೇಡಿ. ನಮ್ಮ ತೇವಕ್ಕೆ ಅದರ ಶಕ್ತಿ ಹೋಗಿ ಬರೀ ಸುಣ್ಣ ಉಳಿದಿರುತ್ತದೆ.

ಇನ್ವರ್ಟರ್ ಎರಡನೇ ದಿನಕ್ಕೇ ಕೈಕೊಟ್ಟಿತು ಎನ್ನುವವರು ಬಹಳ. ದೂರು ಬ್ಯಾಟರಿಯ ಮೇಲೆ ಹೋಗುತ್ತದೆ, ಕಾರಣ ಬೇರೆ. 12 ವೋಲ್ಟಿನ 150 ಎಎಚ್ (ಆಂಪಿಯರ್-ಅವರ್) ಬ್ಯಾಟರಿಯಲ್ಲಿ ಹೇಳಿಕೆಗೆ 1,800 ವ್ಯಾಟ್-ಅವರ್ ಇದ್ದರೂ, ಆಯಸ್ಸು ಕೆಡದಂತೆ ಅರ್ಧ ಮಾತ್ರ ಬಳಸಿ, ಇನ್ವರ್ಟರಿನ ನಷ್ಟವನ್ನೂ ಕಳೆದರೆ ಕೈಗೆ ಸಿಗುವುದು ಸುಮಾರು 700. ನಾಲ್ಕು 9 ವ್ಯಾಟ್ ಬಲ್ಬು ಐದು ಗಂಟೆ ಉರಿದರೆ ದಿನಕ್ಕೆ 180, ನಾಲ್ಕು ದಿನ ಬರಬೇಕು. ಬರುವುದಿಲ್ಲ ಏಕೆಂದರೆ ಇನ್ವರ್ಟರ್ ಸುಮ್ಮನೆ ಚಾಲೂ ಇದ್ದರೂ ಹತ್ತು-ಹದಿನೈದು ವ್ಯಾಟ್ ತಿನ್ನುತ್ತದೆ. ಇಡೀ ದಿನಕ್ಕೆ ಅದೇ 300ರ ಹತ್ತಿರ ಹೋಯಿತು! ಹಾಗಾಗಿ ಮಲಗುವಾಗ ಇನ್ವರ್ಟರನ್ನೇ ಆರಿಸಿ, ಹಾಸಿಗೆಯ ಬಳಿ ಟಾರ್ಚು ಇಟ್ಟುಕೊಳ್ಳುತ್ತೇನೆ. ಹಗಲಲ್ಲೂ ಆರಿಸಿಯೇ ಇರುತ್ತದೆ. ಫೋನಿಗೆ ಜೀಪಿನ ಚಾರ್ಜರ್ ಸಾಕು.

ಅಡುಗೆಗೆ ಹೆಚ್ಚು ಹೇಳಬೇಕಿಲ್ಲ. ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಹೊಗೆ ತಿಂದು ಒಣಗಿದ ಕಟ್ಟಿಗೆ, ಹೊತ್ತಿಸಲು ಕರಟ ಮತ್ತು ಅಡಿಕೆ ಹಾಳೆ, ಭರಣಿಯಲ್ಲಿ ಉಪ್ಪುಸೊಳೆ, ಡಬ್ಬಿಯಲ್ಲಿ ಹಪ್ಪಳ. ಆದರೆ ಚಳಿಯೆಂದು ಕೆಂಡದ ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಗೆ ಒಯ್ಯಲೇಬೇಡಿ, ಅದರ ವಿಷಗಾಳಿಗೆ ವಾಸನೆಯಿಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ, ಫ್ರಿಜ್ಜಿಲ್ಲದಾಗ ಅದನ್ನು ತಂಪಾಗಿಡುವ ಒದ್ದೆ ಮಡಕೆಯ ಉಪಾಯ ಬಯಲುಸೀಮೆಯ ಬೇಸಿಗೆಗೆ ಒಳ್ಳೆಯದು. ಇಲ್ಲಿನ ತೇವದಲ್ಲಿ ನೀರು ಆರುವುದೇ ಇಲ್ಲ, ತಂಪಾಗುವುದೂ ಇಲ್ಲ. ಗಾಬರಿ ಬೇಡ. ತೆರೆದ ಬಾಟಲಿ ಸಾಮಾನ್ಯವಾಗಿ ಕೋಣೆಯ ಉಷ್ಣಾಂಶದಲ್ಲಿ ನಾಲ್ಕು ವಾರ ಇರುತ್ತದೆ. ಎಷ್ಟು ಡಿಗ್ರಿಯವರೆಗೆ ಎಂಬುದನ್ನು ಬಾಟಲಿಯ ಜೊತೆ ಬರುವ ಚೀಟಿಯಲ್ಲಿ ನೋಡಿಕೊಂಡು, ಒಲೆಯಿಂದ ದೂರವಿಟ್ಟರೆ ಸಾಕು.

ಅಂಗಳದಲ್ಲಿ ಮಳೆಮಾಪಕ ಇಟ್ಟುಕೊಳ್ಳಿ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 204.4 ಮಿ.ಮೀ. ದಾಟಿದರೆ ಅತ್ಯಂತ ಭಾರಿ ಮಳೆ, ಅಂದರೆ ಎಂಟಿಂಚು. ಅಂಥ ಮಳೆ ಹಿಡಿದಾಗ ಧರೆ, ಅಂದರೆ ಮನೆಯ ಬಳಿಯ ಗುಡ್ಡದ ಕಡಿದಾದ ಮಣ್ಣಿನ ಗೋಡೆ, ನೋಡಿಬರುವುದು ನಿತ್ಯದ ಕೆಲಸ. ಮೇಲ್ಭಾಗದಲ್ಲಿ ಹೊಸ ಬಿರುಕು, ವಾಲಿದ ಮರ, ತಿಳಿಯಾಗಿದ್ದ ಒರತೆ ಏಕಾಏಕಿ ಕೆಂಪಾಗುವುದು ಅಥವಾ ನಿಂತೇ ಹೋಗುವುದು, ಇದರಲ್ಲಿ ಒಂದು ಕಂಡರೂ ಮನೆ ಬಿಡಬೇಕು. ಸಾಮಾನು ಕಟ್ಟಲು ನಿಲ್ಲಬಾರದು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜಾರಿದ್ದನ್ನು ಯಾರೂ ಮರೆಯಬಾರದು.

ತಂತಿ ಹರಿದಿದ್ದರೆ ಹತ್ತಿರ ಹೋಗದೆ ವಿದ್ಯುತ್ ಕಂಪನಿಯ ಸಹಾಯವಾಣಿ 1912ಕ್ಕೆ ಕರೆ. ಕಂಬದ ನಂಬರು ಮೊದಲೇ ಬರೆದಿಟ್ಟುಕೊಂಡಿದ್ದರೆ ಅವರಿಗೆ ಹುಡುಕಾಟ ತಪ್ಪುತ್ತದೆ. ಮನೆಯ ಮೇನ್ ಆರಿಸಿಯೇ ಇರಲಿ. ನ್ಯೂಟ್ರಲ್ ಹರಿದ ಲೈನಿಗೆ ಕರೆಂಟು ಬಂದರೆ 230ರ ಜಾಗದಲ್ಲಿ 400 ವೋಲ್ಟಿನವರೆಗೂ ಬಂದು ಎಲ್ಲ ಸುಟ್ಟುಹೋಗಬಹುದು. ಕರೆಂಟು ಬಂದ ಮೇಲೆ ಒಂದೇ ಬಲ್ಬು ಹಾಕಿ ಕಾಲು ಗಂಟೆ ನೋಡಿ, ಆಮೇಲೆ ಫ್ರಿಜ್ಜು, ಕಡೆಗೆ ಪಂಪು.

ಆ ಬಲ್ಬು ಹತ್ತಿದಾಗ ನನ್ನ ಮನಸ್ಸು ಹೋಗುವುದು ಪವರ್‌ಮ್ಯಾನ್‌ಗಳ ಕಡೆಗೆ. ಎದೆಮಟ್ಟದ ಕಳೆಯಲ್ಲಿ ದಾರಿ ಮಾಡಿಕೊಂಡು, ಪಾಚಿಗಟ್ಟಿದ ಕಂಬ ಹತ್ತುವವರು ಅವರು. ಬಂದಾಗ ಬಿಸಿ ಕಷಾಯ, ಒಣಗಿದ ಟವೆಲು ಕೊಡುತ್ತೇವೆ, ಅದು ಏನೇನೂ ಅಲ್ಲ. ಅವರ ಜೀವಕ್ಕೆ ನಿಜವಾದ ಅಪಾಯ ನಮ್ಮಂಥ ಮನೆಗಳ ಜನರೇಟರಿನದು. ಮನೆಯನ್ನು ಲೈನಿನಿಂದ ಬೇರ್ಪಡಿಸಿ ಜನರೇಟರಿಗೆ ಸೇರಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಅದನ್ನು ಸಾಕೆಟ್ಟಿಗೆ ಸಿಕ್ಕಿಸಿದರೆ ಕರೆಂಟು ಹಿಂದಕ್ಕೆ ಹರಿದು, ಟ್ರಾನ್ಸ್‌ಫಾರ್ಮರಿನಲ್ಲಿ 11,000 ವೋಲ್ಟಾಗಿ, ಸತ್ತ ಲೈನೆಂದು ನಂಬಿ ಹಿಡಿದ ಕೈಗೆ ಮುಟ್ಟುತ್ತದೆ. ಆ ಸ್ವಿಚ್ಚನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಹಾಕಿಸಿದ್ದೇವೆ. ಮೇ ತಿಂಗಳಲ್ಲಿ ಜಂಗಲ್ ಕಟಿಂಗಿಗೆ ಅವರು ಬಂದಾಗ ಲೈನಿಗೆ ವಾಲಿದ ನಮ್ಮ ಹಲಸಿನ ಕೊಂಬೆಯನ್ನೂ ಕಡಿಯಿರಿ ಎಂದು ನಾವೇ ತೋರಿಸುತ್ತೇವೆ, ಟ್ರಾನ್ಸ್‌ಫಾರ್ಮರ್‌ವರೆಗಿನ ಕಾಲುದಾರಿಯ ಕಳೆಯನ್ನೂ ಸವರಿಡುತ್ತೇವೆ.