ಅಪರೂಪದ ಹೆಸರಾ? ಮೊದಲು ಬೀದಿಯಲ್ಲಿ ನಿಂತು ಕೂಗಿ ನೋಡಿ

ಮಗುವಿಗೆ ಯಾರೂ ಇಡದ ಹೆಸರು ಬೇಕು ಅನ್ನುವುದು ಈಗ ಎಲ್ಲರ ಆಸೆ. ಎಲ್ಲರದ್ದೂ ಅದೇ ಆಸೆ ಆಗಿರುವುದರಿಂದಲೇ ಮೈಸೂರಿನ ಎಲ್‌ಕೆಜಿಗಳಲ್ಲಿ ಆದ್ಯ, ಆರ್ಯ, ಆರಾಧ್ಯ, ಆದ್ವಿಕ್‌ಗಳು ಸಾಲಾಗಿ ಕೂತಿರುತ್ತಾರೆ. ಇರಲಿ. ನಿಜಕ್ಕೂ ಅಪರೂಪದ್ದೇ ಬೇಕು ಅಂದರೆ ಒಂದು ಮಾತು ಗಮನಿಸಿ. ಹಳೆಯ ಹೆಸರುಗಳು ಬಳಸಿ ಬಳಸಿ ನುಣುಪಾಗಿರುತ್ತವೆ. ‘ಕೇಶವ’ದ ಕೊನೆಯಲ್ಲಿ ಶವ ಇದೆ, ಯಾರಿಗಾದರೂ ನೆನಪಾಗುತ್ತದಾ? ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ ದೃಷ್ಟಿ ತಾಗದಿರಲಿ ಎಂದು ಬೇಕಂತಲೇ ತಿಪ್ಪಯ್ಯ, ಗುಂಡ, ಕಲ್ಲಯ್ಯ ಎಂದು ಇಡುತ್ತಿದ್ದರು. ತಿಪ್ಪಯ್ಯನವರು ಎದುರಿಗೆ ಬಂದರೆ ಯಾರೂ ಮೂಗು ಮುಚ್ಚಿಕೊಳ್ಳಲ್ಲ. ಹೊಸ ಹೆಸರಿಗೆ ಈ ಅನುಕೂಲ ಇಲ್ಲ. ಮೊದಲು ಯಾವ ಅರ್ಥ ಹೊಳೆಯುತ್ತದೋ ಅದೇ ಅಂಟಿಕೊಳ್ಳುತ್ತದೆ.

ಅವಸರ ಬೇಡ

ಮಗು ಮೈಸೂರಿನ ಚೆಲುವಾಂಬ ಆಸ್ಪತ್ರೆಯಲ್ಲೇ ಹುಟ್ಟಲಿ, ಮಳವಳ್ಳಿಯ ಮನೆಯಲ್ಲೇ ಹುಟ್ಟಲಿ, ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು. ಆದರೆ ಆಗಲೇ ಹೆಸರು ಹೇಳಬೇಕು ಅಂತೇನಿಲ್ಲ. ಆ ಜಾಗ ಖಾಲಿ ಬಿಟ್ಟರೆ ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ತಡವಾದರೆ ಶುಲ್ಕ ಕಟ್ಟಿ 15 ವರ್ಷದವರೆಗೂ ಅವಕಾಶ ಇದೆ.

ನಾಮಕರಣದ ದಿನ ಅಕ್ಕಿಯ ಮೇಲೆ ಬರೆಯಲು ಒಂದು ಹೆಸರಂತೂ ಬೇಕಲ್ಲ ಅನ್ನುತ್ತೀರಾ? ನಕ್ಷತ್ರದ ಹೆಸರೋ ಮನೆದೇವರ ಹೆಸರೋ ಬರೆಯಿರಿ, ಕಿವಿಯಲ್ಲೂ ಅದನ್ನೇ ಹೇಳಿ. ಕರೆಯುವ ಹೆಸರು ಬೇರೆ ಇರುವುದು ನಮ್ಮಲ್ಲಿ ಮೊದಲಿಂದಲೂ ಇದೆ. ನಕ್ಷತ್ರದ ಅಕ್ಷರವನ್ನೇ ಪಟ್ಟು ಹಿಡಿದರೆ ಆರ್ದ್ರಾ ಮೂರನೇ ಪಾದದ ಮಗುವಿಗೆ ‘ಙ’ದಲ್ಲಿ ಹೆಸರು ಹುಡುಕಬೇಕಾಗುತ್ತದೆ!

ಅಜ್ಜಿಯಿಂದ ಕೂಗಿಸಿ

ಇದು ಮುಖ್ಯವಾದ ಪರೀಕ್ಷೆ. ಹೆಸರನ್ನು ಮೊಬೈಲಿನಲ್ಲಿ ನೋಡಿ ಆರಿಸುತ್ತೇವೆ, ಆದರೆ ಅದು ಬದುಕುವುದು ನಾಲಿಗೆಯ ಮೇಲೆ. ಮಂಡ್ಯ ಸೀಮೆಯ ಆಡುಮಾತಿನಲ್ಲಿ ‘ಹ’ ಉಳಿಯುವುದು ಕಷ್ಟ, ಮಹಾಪ್ರಾಣ ಇನ್ನೂ ಕಷ್ಟ, ‘ಶ’ ‘ಷ’ ಎರಡೂ ‘ಸ’ ಆಗುತ್ತವೆ. ಹಿತಾ ‘ಇತ’ ಆಗುತ್ತಾಳೆ. ಛಾಯಾ ‘ಚಾಯ’ ಆದರೆ ಟೀ ಅಂಗಡಿ ನೆನಪಾಗುತ್ತದೆ. ಖುಷಿ ಅಂತ ಆಸೆಪಟ್ಟು ಇಟ್ಟ ಹೆಸರು ‘ಕುಸಿ’ ಆಗಿಬಿಟ್ಟರೆ ಗೋಡೆ ಬಿದ್ದ ಹಾಗೆ ಕೇಳಿಸುತ್ತದೆ. ಅಜ್ಜಿಯ ಉಚ್ಚಾರಣೆ ತಿದ್ದಲು ಹೋಗಬೇಡಿ. ಮಗುವನ್ನು ದಿನಕ್ಕೆ ಹೆಚ್ಚು ಸಲ ಕರೆಯುವವರು ಅವರೇ ತಾನೆ? ಬೀದಿ ತುದಿಯಿಂದ ಒಮ್ಮೆ ಗಟ್ಟಿಯಾಗಿ ಕೂಗಿಸಿ, ಚಿಕ್ಕದು ಮಾಡಿಯೂ ಕರೆಸಿ. ಮಂಜುನಾಥನೇ ‘ಮಂಜ’ ಆಗುವ ಊರಲ್ಲಿ ಉದ್ದದ ಹೆಸರು ಪೂರ್ತಿ ಉಳಿಯುತ್ತದೆ ಅಂದುಕೊಳ್ಳಬೇಡಿ.

ಐದನೇ ಕ್ಲಾಸಿನ ತರಲೆಗೆ ಕೊಡಿ

ನೆಂಟರು ಸಂಕೋಚಕ್ಕೆ ‘ಚೆನ್ನಾಗಿದೆ’ ಅನ್ನುತ್ತಾರೆ. ಐದನೇ ಕ್ಲಾಸಿನ ಹುಡುಗ ಹಾಗಲ್ಲ. ಹೆಸರು ಕೊಟ್ಟ ಕೂಡಲೇ ಮುರಿದು ನೋಡುತ್ತಾನೆ. ಜ್ಯೋತಿಕಾಳ ಕೊನೆಯ ಎರಡು ಅಕ್ಷರ ಅವನಿಗೆ ಮೊದಲು ಕಾಣುತ್ತವೆ. ಅಮೇಯ ಅಂದರೆ ಅಳೆಯಲಾಗದ್ದು, ಒಳ್ಳೆಯ ಅರ್ಥವೇ. ಆದರೆ ‘ಅಮೇಧ್ಯ’ ಪಕ್ಕದಲ್ಲೇ ಕೂತಿದೆ. ಇಂಗ್ಲಿಷಿನಲ್ಲಿ ಮುದ್ದಾದ ಹೇಲಿ ಎಂಬ ಹೆಸರನ್ನು ಕನ್ನಡದ ಮಕ್ಕಳ ಎದುರು ಹೇಳಲೇಬೇಡಿ. ನಂದಿನಿಯನ್ನು ‘ಅರ್ಧ ಲೀಟರ್’ ಅಂದರೆ ಅವಳೂ ನಗುತ್ತಾಳೆ, ಅದು ಸಲೀಸಾಗಿ ಕಳೆಯುತ್ತದೆ. ಮೈಗೆ, ಹೇಸಿಗೆಗೆ ಅಂಟಿದ ಮಾತು ಹಾಗೆ ಕಳೆಯುವುದಿಲ್ಲ.

ಇಂಗ್ಲಿಷ್ ಅಕ್ಷರದಲ್ಲೂ ಬರೆದು ನೋಡಿ. ದೀಕ್ಷಿತ್, ರಕ್ಷಿತ್, ಪರೀಕ್ಷಿತ್ ಇವುಗಳ ಬಾಲದಲ್ಲಿ ಒಂದು ಕೆಟ್ಟ ಪದ ಇಣುಕುತ್ತದೆ. ಇವು ಬಳಕೆಯಲ್ಲಿರುವ ಹೆಸರು, ತಡೆದುಕೊಳ್ಳುತ್ತವೆ. ಜೊತೆಗೆ ಇನಿಷಿಯಲ್ ಸೇರಿಸಿ ಓದಿ. ಊರು ಕೆ.ಆರ್. ಪೇಟೆ, ಅಪ್ಪ ದೇವರಾಜು ಆದರೆ ಮಗ ಹಾಜರಿ ಪುಸ್ತಕದಲ್ಲಿ ಕೆ.ಡಿ.!

ಈಗ ತೂಗಿ

ಕಳಂಕವೇ ಇಲ್ಲದ ಹೆಸರು ಸಿಗುವುದಿಲ್ಲ. ಸಿಕ್ಕ ಕಳಂಕ ಎಷ್ಟು ದಿನ ಬಾಳುತ್ತದೆ ಅನ್ನುವುದನ್ನು ನೋಡಬೇಕು. ಸೀರಿಯಲ್ಲಿನ ಅತ್ತೆಯ ಹೆಸರು ಸೀರಿಯಲ್ ಮುಗಿದ ಮೇಲೆ ಮರೆತುಹೋಗುತ್ತದೆ. ಕೈಕೇಯಿಯದ್ದು ಇವತ್ತಿಗೂ ಹೋಗಿಲ್ಲ, ಕೇಳಲು ಎಷ್ಟು ಇಂಪಾಗಿದ್ದರೂ. 2020ರಲ್ಲಿ ರಾಯಪುರದ ದಂಪತಿ ಅವಳಿಗಳಿಗೆ ಕೊರೊನಾ, ಕೋವಿಡ್ ಎಂದು ಹೆಸರಿಟ್ಟ ಸುದ್ದಿ ಓದಿ ಎಲ್ಲರೂ ನಕ್ಕರು. ನಗುವವರಿಗೆ ಅದು ಒಂದು ದಿನದ ಮಾತು, ಮಕ್ಕಳಿಗೆ ಹಾಗಲ್ಲ. ಇನ್ನೊಂದು ತೊಡಕು: ಊರಲ್ಲಿ ನೂರು ಮಂಜುನಾಥರಿದ್ದಾರೆ, ಒಬ್ಬ ಜೈಲಿಗೆ ಹೋದರೆ ಉಳಿದವರಿಗೇನೂ ಆಗಲ್ಲ. ಅಪರೂಪದ ಹೆಸರಿನವನೊಬ್ಬ ಕೆಟ್ಟ ಸುದ್ದಿಯಾದರೆ ಆ ಹೆಸರೇ ಅವನದಾಗುತ್ತದೆ. ಹಾಗಾಗಿ ಆರಿಸಿದ ಹೆಸರನ್ನು ಒಮ್ಮೆ ಗೂಗಲ್‌ನಲ್ಲೂ ಹುಡುಕಿ.

ಅರ್ಥಕ್ಕೆ ಮಾತ್ರ ಹೆಸರುಗಳ ವೆಬ್‌ಸೈಟ್ ನಂಬಬೇಡಿ. ಅಲ್ಲಿ ಯಾವ ಹೆಸರಿಗೂ ‘ದೇವರ ಕೊಡುಗೆ’ ಎಂಬ ಅರ್ಥ ಸಿಗುತ್ತದೆ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ತೆಗೆಯಿರಿ, ಫೋನಿನಲ್ಲೇ ಆದರೆ ‘ಅಲರ್’ ಎಂಬ ಆನ್‌ಲೈನ್ ನಿಘಂಟು ನೋಡಿ.

ನನ್ನನ್ನು ಕೇಳಿದರೆ, ಗೊತ್ತಿರುವ ಮಾತಿನಿಂದ ಕಟ್ಟಿದ ಅಪರೂಪದ ಹೆಸರೇ ಕ್ಷೇಮ. ಮೈಸೂರಿನಲ್ಲಿ ನೆಲೆಸಿದ್ದ ಕುವೆಂಪು ಮಕ್ಕಳಿಗೆ ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ ಎಂದೆಲ್ಲ ಹೆಸರಿಟ್ಟರು. ಅಂಥ ಹೆಸರು ಬೇರೆಲ್ಲೂ ಕೇಳಿರಲಿಲ್ಲ, ಆದರೂ ಹುಣ್ಣಿಮೆ ಚಂದ್ರ, ಕೋಗಿಲೆ, ಚೈತ್ರ ಯಾರಿಗೆ ಗೊತ್ತಿಲ್ಲ? ಮಂಡ್ಯದವರಿಗೆ ಲೋಕಪಾವನಿ ನದಿ ಪಕ್ಕದಲ್ಲೇ ಇದೆ. ‘ಹ’ ಇಲ್ಲ, ಮಹಾಪ್ರಾಣ ಇಲ್ಲ, ಚಿಕ್ಕದು ಮಾಡಿದರೂ ಪಾವನಿ.

ಹೆಸರು ಸೇರಿಸುವ ಅರ್ಜಿಯಲ್ಲಿ ಕನ್ನಡ, ಇಂಗ್ಲಿಷ್ ಎರಡರ ಕಾಗುಣಿತವನ್ನೂ ನೀವೇ ಬರೆದುಕೊಡಿ, ಪ್ರಮಾಣಪತ್ರ ಕೈಗೆ ಬಂದಾಗ ಅಲ್ಲೇ ನಿಂತು ಓದಿ. 2023ರ ಅಕ್ಟೋಬರ್ 1ರಿಂದ ಹುಟ್ಟಿದವರಿಗೆ ಶಾಲೆ, ಆಧಾರ್, ಮತದಾರರ ಪಟ್ಟಿ ಎಲ್ಲಕ್ಕೂ ಆ ಪತ್ರವೇ ಆಧಾರ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಬಂದ ಮೇಲೆ ಒಂದಕ್ಷರ ತಿದ್ದಿಸಲೂ ಅಫಿಡವಿಟ್ಟು, ಓಡಾಟ ಜಾಸ್ತಿ.